ಮುಯ್ಯಿ ಕೇಳದ ಮುಯ್ಯಾಳುಗಳು: ಬೆಂಗಳೂರು ಲಿನಕ್ಸ್ ಬಳಗದ ನೆನಪು

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇದೆ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾನು ಬಂದರೆ, ನಾಳೆ ನನ್ನ ಗದ್ದೆಗೆ ನೀವು ಬರುತ್ತೀರಿ. ಕೂಲಿಯ ಮಾತಿಲ್ಲ, ಲೆಕ್ಕ ಮನಸ್ಸಿನಲ್ಲಿರುತ್ತದೆ. ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುವ ಬೆಂಗಳೂರಿನವರ ಬಳಗ ನಡೆದದ್ದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ. ಒಂದೇ ವ್ಯತ್ಯಾಸ: ಇಲ್ಲಿ ಕೊಟ್ಟವನಿಗೆ ಮುಯ್ಯಿ ತೀರಿಸುವವನು ಯಾರೆಂದು ಗೊತ್ತಿರುತ್ತಿರಲಿಲ್ಲ. ಅವನು ಹಲಸೂರಿನವನಾಗಿರಬಹುದು, ಹೆಲ್ಸಿಂಕಿಯವನಾಗಿರಬಹುದು. ಈ ಬಳಗದ ಸ್ವಯಂಸೇವಕರು 2001ರಲ್ಲಿ ಕಟ್ಟಿದ 'ಲಿನಕ್ಸ್ ಬೆಂಗಳೂರು' ಸಮಾವೇಶವನ್ನು ನೆನೆಯುವಾಗ, ಅದರ ಬೇರು ಎಲ್ಲಿತ್ತು ಎಂಬುದನ್ನೂ ದಾಖಲಿಸಬೇಕು.

ಬೇರು ಬಹಳ ಹಿಂದಕ್ಕೆ ಹೋಗುತ್ತದೆ. 1955ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತಲಿನ ವಿಮಾನ ಕಾರ್ಖಾನೆಗಳು ಐಬಿಎಂ 704 ಯಂತ್ರಕ್ಕೆ ಕಾಯುತ್ತಿದ್ದವು. ಯಂತ್ರ ಬಂದರೆ ಸಾಲದು, ಅದಕ್ಕೆ ಬೇಕಾದ ಮೂಲ ಪ್ರೋಗ್ರಾಂಗಳನ್ನು ಪ್ರತಿ ಕಾರ್ಖಾನೆಯೂ ತಾನೇ ಬರೆದುಕೊಳ್ಳಬೇಕಿತ್ತು. ಒಂದೇ ಕೆಲಸವನ್ನು ಹತ್ತು ಕಡೆ ಹತ್ತು ಜನ ಮಾಡುವ ಆ ದಂಡದ ದುಡಿಮೆ ತಪ್ಪಿಸಲು ಹುಟ್ಟಿದ್ದು 'ಷೇರ್' ಎಂಬ ಬಳಕೆದಾರರ ಸಂಘ. ಮಾರುಕಟ್ಟೆಯಲ್ಲಿ ಪೈಪೋಟಿ ನಡೆಸುತ್ತಿದ್ದ ಕಂಪನಿಗಳ ಎಂಜಿನಿಯರುಗಳು ಇಲ್ಲಿ ಒಂದೇ ಮೇಜಿಗೆ ಕುಳಿತು ಪ್ರೋಗ್ರಾಂಗಳನ್ನು ಹಂಚಿಕೊಂಡರು. ನಮ್ಮ ದೇಶದಲ್ಲಿ 1965ರ ಮಾರ್ಚ್ 6ರಂದು ರೂಪುಗೊಂಡ ಕಂಪ್ಯೂಟರ್ ಸೊಸೈಟಿ ಆಫ್ ಇಂಡಿಯಾ ಕೂಡ ಮೊಳಕೆಯೊಡೆದದ್ದು ಬೆರಳೆಣಿಕೆಯ ಬಳಕೆದಾರರ ಗುಂಪಾಗಿಯೇ. ಅದರ ಮೊದಲ ಅಧ್ಯಕ್ಷರು ಪ್ರೊ. ಆರ್. ನರಸಿಂಹನ್.

ಮನೆಯ ಕಂಪ್ಯೂಟರಿನ ಕಾಲ ಬಂದಾಗ ಹಂಚಿಕೆ ಟೆಲಿಫೋನ್ ತಂತಿಗೆ ಇಳಿಯಿತು. 1977ರಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಫೋನಿನ ಮೂಲಕ ಕಡತ ಕಳಿಸುವ ಪುಟ್ಟ ಪ್ರೋಗ್ರಾಂ ಬರೆದು, ಸಿಪಿ/ಎಂ ಬಳಕೆದಾರರ ಗುಂಪಿನ ಮೂಲಕ ಎಲ್ಲರಿಗೂ ಬಿಟ್ಟುಕೊಟ್ಟರು. ಕಡತವನ್ನು 128 ಬೈಟ್‌ಗಳ ತುಂಡು ಮಾಡುವುದು, ಪ್ರತಿ ತುಂಡು ಸರಿಯಾಗಿ ತಲುಪಿತೇ ಎಂದು ಕೂಡಿ ನೋಡುವುದು, ತಪ್ಪಿದ್ದರೆ ಮತ್ತೆ ಕಳಿಸುವುದು, ಇಷ್ಟೇ ಅದರ ಕೆಲಸ. ಮರುವರ್ಷ ಷಿಕಾಗೊದಲ್ಲಿ ಅವರೂ ಅವರ ಗೆಳೆಯರೊಬ್ಬರೂ ಸೇರಿ ಮೊದಲ ಬುಲೆಟಿನ್ ಬೋರ್ಡ್, ಅಂದರೆ ಫೋನಿನ ಮೂಲಕ ಸಂದೇಶ ಹಂಚಿಕೊಳ್ಳುವ ಕಂಪ್ಯೂಟರ್ ಕಟ್ಟೆ, ಆರಂಭಿಸಿದರು.

ಬೆಂಗಳೂರಿನಲ್ಲಿ ಈ ಬೀಜಕ್ಕೆ ಹದವಾದ ನೆಲವಿತ್ತು. ಊರಿನ ಪೂರ್ವಕ್ಕೆ 1940ರಿಂದ ಎಚ್‌ಎಎಲ್ ವಿಮಾನ ಕಾರ್ಖಾನೆ, ಕೃಷ್ಣರಾಜಪುರದ ದಾರಿಯ ದೂರವಾಣಿನಗರದಲ್ಲಿ 1948ರಿಂದ ಐಟಿಐ ದೂರವಾಣಿ ಕಾರ್ಖಾನೆ. ಯಂತ್ರ ಬಿಚ್ಚಿ ನೋಡುವುದಕ್ಕೆ ಹೆದರದ ಕೈಗಳು ಈ ಭಾಗದ ಮನೆಮನೆಯಲ್ಲಿದ್ದವು. 1985ರಲ್ಲಿ ಕಂಟೋನ್ಮೆಂಟಿನ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಚೇರಿ ತೆರೆಯಿತು. ಕಂಪ್ಯೂಟರ್ ಬಲ್ಲವರ ಸಂಖ್ಯೆ ಬೆಳೆಯಿತು. ಆದರೆ ಅವರು ಪರಸ್ಪರ ಮಾತಾಡಿಕೊಳ್ಳಲು ಒಂದು ಕಟ್ಟೆ ಬೇಕಿತ್ತು.

1989ರಲ್ಲಿ ತಂತ್ರಜ್ಞ ಅತುಲ್ ಚಿಟ್ನಿಸ್ ಬೆಂಗಳೂರಿನಿಂದ ನಡೆಸಲಾರಂಭಿಸಿದ 'ಸಿಕ್ಸ್' ಬುಲೆಟಿನ್ ಬೋರ್ಡ್ ಅಂಥ ಕಟ್ಟೆಗಳಲ್ಲಿ ಒಂದು. ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಅದಕ್ಕೂ ಆರು ವರ್ಷ ಮೊದಲಿನ ಮಾತಿದು. ಬುಲೆಟಿನ್ ಬೋರ್ಡ್‌ಗಳ ಕಾಲದಲ್ಲಿ ಹರಿದಾಡುತ್ತಿದ್ದವು ಯುಟಿಲಿಟಿಗಳು: ಕಡತವನ್ನು ಕುಗ್ಗಿಸುವುದು, ಅಳಿಸಿದ್ದನ್ನು ಮರಳಿ ತರುವುದು, ವೈರಸ್ ಹಿಡಿಯುವುದು, ಪ್ರಿಂಟರನ್ನು ಪಳಗಿಸುವುದು. ಒಬ್ಬರು ತಮ್ಮ ಕಷ್ಟ ನೀಗಿಸಿಕೊಳ್ಳಲು ಬರೆದದ್ದು ನೂರು ಜನರ ಕಷ್ಟ ನೀಗಿಸುತ್ತಿತ್ತು. ಆಗಿನ 2400 ಬಿಟ್ ಮೋಡೆಮ್‌ನಲ್ಲಿ ಸೆಕೆಂಡಿಗೆ ಸುಮಾರು 240 ಅಕ್ಷರ ಮಾತ್ರ ಬರುತ್ತಿತ್ತು. ಒಂದು ಫ್ಲಾಪಿ ತುಂಬುವಷ್ಟು ತರಿಸಲು ಹತ್ತಿರ ಹತ್ತಿರ 100 ನಿಮಿಷ. ನಡುವೆ ಮನೆಯವರು ಫೋನ್ ಎತ್ತಿದರೆ ಕೆಲಸ ಕೆಟ್ಟಂತೆಯೇ. ಹೀಗಾಗಿ ಪ್ರೋಗ್ರಾಂ ಬರೆಯುವವರು ಒಂದೊಂದು ಬೈಟನ್ನೂ ಜತನ ಮಾಡುತ್ತಿದ್ದರು.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್, ಅಂದರೆ ಕಾರ್ಯಾಚರಣೆ ವ್ಯವಸ್ಥೆಯ ತಿರುಳನ್ನು, ಹೊರತಂದರು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಯುಟಿಲಿಟಿಗಳು ಅದಕ್ಕೆ ಕೈಕಾಲಾದವು. ಕಡತಗಳ ಪಟ್ಟಿ ಮಾಡುವುದು, ನಕಲು ತೆಗೆಯುವುದು, ಸಾಲುಗಳನ್ನು ಜೋಡಿಸುವುದು, ಪದ ಹುಡುಕುವುದು, ಎಲ್ಲವೂ ಬೇರೆಬೇರೆ ಸಣ್ಣ ಪ್ರೋಗ್ರಾಂಗಳು. ಒಂದರ ಫಲವನ್ನು ಇನ್ನೊಂದರ ಬಾಯಿಗೆ ಇಟ್ಟರೆ ದೊಡ್ಡ ಕೆಲಸ ಆಗುತ್ತದೆ. ಈ ಲಿನಕ್ಸನ್ನು ಭಾರತದ ಮೇಜಿನ ಮೇಲೆ ತಂದಿಟ್ಟದ್ದು 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ, ಸಂಚಿಕೆಯ ಜೊತೆ ಕೊಟ್ಟ ಸಿಡಿಯ ಮೂಲಕ. ಆ ಒಂದು ಸಿಡಿಯ ತುಂಬು ಸರಕನ್ನು ಹಳೆಯ ಮೋಡೆಮ್‌ನಲ್ಲಿ ಇಳಿಸಿಕೊಳ್ಳಲು ಹಗಲೂ ರಾತ್ರಿ ಒಂದು ತಿಂಗಳು ದಾಟುತ್ತಿತ್ತು.

ಸಿಡಿ ಕೈಗೆ ಬಂದರೂ ಕೈಹಿಡಿದು ನಡೆಸುವವರು ಬೇಕಿತ್ತಲ್ಲ? ಆ ಕೊರತೆ ತುಂಬಿದ್ದು ಬಳಗಗಳು. ಅವು ನಡೆಸುತ್ತಿದ್ದ ಇನ್‌ಸ್ಟಾಲ್‌ಫೆಸ್ಟ್ ಎಂದರೆ ಹೊಸಬರು ತಮ್ಮ ಕಂಪ್ಯೂಟರನ್ನೇ ಹೊತ್ತು ತರುವುದು, ಬಲ್ಲವರು ಪಕ್ಕದಲ್ಲಿ ಕುಳಿತು ಲಿನಕ್ಸ್ ಹಾಕಿಕೊಡುವುದು. ಬೆಂಗಳೂರಿನ ಬಳಗ ಆ ಅಭ್ಯಾಸವನ್ನೇ ದೊಡ್ಡದು ಮಾಡಿ 2001ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜೆ.ಎನ್. ಟಾಟಾ ಸಭಾಂಗಣದಲ್ಲಿ 'ಲಿನಕ್ಸ್ ಬೆಂಗಳೂರು' ನಡೆಸಿತು. ವೇದಿಕೆ, ಊಟ, ನೋಂದಣಿ, ನೆಟ್‌ವರ್ಕ್ ತಂತಿ ಎಳೆಯುವುದು, ಎಲ್ಲದಕ್ಕೂ ಸ್ವಯಂಸೇವಕರು. ಲಿನಕ್ಸಿನಾಚೆಗೂ ಕೆಲಸ ಚಾಚಿದ್ದರಿಂದ 2005ರಲ್ಲಿ ಸಮಾವೇಶ 'ಫಾಸ್ ಡಾಟ್ ಇನ್' ('ಫಾಸ್' ಎಂದರೆ ಮುಕ್ತ ತಂತ್ರಾಂಶ) ಎಂಬ ಹೆಸರು ಪಡೆದು, ಕಂಟೋನ್ಮೆಂಟ್ ನಿಲ್ದಾಣಕ್ಕೆ ಹತ್ತಿರದ ಅರಮನೆ ಮೈದಾನಕ್ಕೆ ಬಂತು. ಲಿನಕ್ಸ್ ಕರ್ನೆಲ್‌ನ ಹಿರಿಯ ಕೆಲಸಗಾರ ಅಲನ್ ಕಾಕ್ಸ್ ಆ ವರ್ಷ ವೇಲ್ಸ್‌ನಿಂದ ಬಂದು ಮಾತನಾಡಿದರು.

ನನ್ನ ದೃಷ್ಟಿಯಲ್ಲಿ ಸಮಾವೇಶದ ನಿಜವಾದ ಹಿರಿಮೆ ಇರುವುದು ಆಮೇಲಿನ ವರ್ಷಗಳಲ್ಲಿ. ಸಾವಿರಾರು ಜನ ಬಂದು ಭಾಷಣ ಕೇಳಿ ಹೋಗುತ್ತಿದ್ದಾರೆ, ಬರೆದು ಕೊಡುವವರು ಕಡಿಮೆ ಎಂಬುದನ್ನು ಸಂಘಟಕರು ಕಂಡುಕೊಂಡರು. ಭಾಷಣ ತಗ್ಗಿಸಿ, ಜೊತೆಗೆ ಕುಳಿತು ಕೋಡ್ ಬರೆಯುವ 'ವರ್ಕ್‌ಔಟ್'ಗಳನ್ನು ಹೆಚ್ಚಿಸಿದರು. ಜನ ಸೇರುವುದಕ್ಕಿಂತ ಕೈ ಸೇರುವುದು ಮುಖ್ಯ ಎಂದು ನಿರ್ಧರಿಸಲು ಎದೆಗಾರಿಕೆ ಬೇಕು. ಕೊನೆಯ ಸಮಾವೇಶ 2012ರಲ್ಲಿ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರ್‌ನಲ್ಲಿ ನಡೆಯಿತು.

ಕನ್ನಡಿಗರಿಗೆ ಈ ಕಥೆ ಹೊರಗಿನದಲ್ಲ. ಕಿನ್ನಿಕಂಬಳ ಪದ್ಮನಾಭ ರಾಯರು ತಮ್ಮ ಕೀಲಿಮಣೆ ವಿನ್ಯಾಸವನ್ನೂ, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ 'ಸೇಡಿಯಾಪು' ತಂತ್ರಾಂಶವನ್ನೂ ಹಣ ಕೇಳದೆ ಕೊಟ್ಟರು. ಇವತ್ತು ನಾವು ಒತ್ತುವ ಕನ್ನಡ ಕೀಲಿಗಳ ಹಿಂದೆ ಆ ವಿನ್ಯಾಸವಿದೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಉಚಿತವಾಗಿ ಬಂದು, ದೂರದ ದೇಶಗಳಲ್ಲಿದ್ದವರಿಗೂ ಕನ್ನಡದಲ್ಲಿ ಬರೆಯುವ ಅನುಕೂಲವಾಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಮುಂದೆ ದೊಮ್ಮಲೂರಿನಲ್ಲಿದ್ದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಅಂಗಳ ವಿಕಿಪೀಡಿಯದ ಬರಹಗಾರರು ಕೂಡುವ ಜಾಗಗಳಲ್ಲಿ ಒಂದಾಯಿತು. ಹೆಸರುಗಳು ಬೇರೆ, ಮನೋಧರ್ಮ ಒಂದೇ.

ಬಳಗಗಳು ಚದುರುತ್ತವೆ, ಸಮಾವೇಶಗಳು ನಿಲ್ಲುತ್ತವೆ. ಕೊಟ್ಟ ಪ್ರೋಗ್ರಾಂ ಮಾತ್ರ ಯಾವುದೋ ಯಂತ್ರದಲ್ಲಿ ದುಡಿಯುತ್ತಲೇ ಇರುತ್ತದೆ. ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕೆಲಸ ಹಗುರ ಮಾಡಿಕೊಳ್ಳಲು ನೀವು ಬರೆದಿಟ್ಟ ಒಂದು ಸಣ್ಣ ಪ್ರೋಗ್ರಾಂ ಇರಬಹುದು: 'ನುಡಿ' ತಂತ್ರಾಂಶದ ಹಳೆಯ ಕಡತವನ್ನು ಯೂನಿಕೋಡ್‌ಗೆ ತಿರುಗಿಸುವುದೋ, ಶಾಲೆಯ ಅಂಕಪಟ್ಟಿ ಜೋಡಿಸುವುದೋ. ಅದಕ್ಕೆ ನಾಲ್ಕು ಸಾಲಿನ ವಿವರಣೆಯನ್ನು ಕನ್ನಡದಲ್ಲಿ ಬರೆದು, ಯಾರು ಬೇಕಾದರೂ ಬಳಸಿ ತಿದ್ದಬಹುದೆಂಬ ಪರವಾನಗಿ ಸೇರಿಸಿ, ಹಂಚಿಬಿಡಿ. ಈ ಬಳಗದ ಋಣ ತೀರಿಸಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.