ಬಿಚ್ಚಲೆಂದೇ ಕಟ್ಟುವ ಕಂಕಣ

ಕುರುಬರಲ್ಲಿ ಉಣ್ಣೆ ಕಂಕಣದವರು, ಹತ್ತಿ ಕಂಕಣದವರು ಎಂಬ ಎರಡು ಪಂಗಡಗಳಿವೆ. ಮದುವೆಯಲ್ಲಿ ಒಬ್ಬರ ಮಣಿಕಟ್ಟಿಗೆ ಕುರಿಯ ಉಣ್ಣೆಯ ದಾರ, ಇನ್ನೊಬ್ಬರಿಗೆ ಹತ್ತಿಯ ನೂಲು. ಒಬ್ಬನೇ ಮೂಲಪುರುಷನ ಇಬ್ಬರು ಹೆಂಡಿರ ಮಕ್ಕಳಿಂದ ಈ ಕವಲು ಒಡೆಯಿತೆಂದು ಕಥೆ ಹೇಳುತ್ತಾರೆ. ಬ್ರಿಟಿಷ್ ವಿದ್ವಾಂಸ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಸಂಪುಟಗಳನ್ನು ಹೊರತಂದಾಗ ಇದನ್ನೂ ದಾಖಲಿಸಿದ. ನಾಲ್ಕು ದಿನ ಕೈಯಲ್ಲಿದ್ದು ಬಿಚ್ಚಿಹೋಗುವ ದಾರದಿಂದ ಕುಲಕ್ಕೇ ಹೆಸರು ಬಂದಿದೆ! ಕಂಬಳಿ ನೇಯುವ ನಮ್ಮ ಕೊಪ್ಪಳ ಸೀಮೆಯಲ್ಲಿ ಈ ಹೆಸರುಗಳನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಮದುವೆಯ ಕಂಕಣ ಎಂದರೆ ಅರಿಶಿಣದ ಬೇರು ಕಟ್ಟಿದ ದಾರ, ಅಷ್ಟೇ. ಆದರೆ ಅದು ಕೈಗೆ ಬಿದ್ದ ಮೇಲೆ "ತಮ್ಮಾ, ಕೈಯಾಗ ಕಂಕಣ ಐತಿ, ಸೀಮಿ ದಾಟಬ್ಯಾಡ" ಎಂದು ಹಿರಿಯರು ಮದುಮಗನನ್ನು ತಡೆಯುತ್ತಾರೆ. ದೃಷ್ಟಿ ತಾಗದಂತೆ, ಗಾಳಿ ಸೋಕದಂತೆ ಕಾಯುವುದು ಅದರ ಒಂದು ಕೆಲಸ. ಹಿಡಿದ ಕಾರ್ಯ ಮುಗಿಯುವ ತನಕ ಕದಲದಂತೆ ನಿಲ್ಲಿಸುವುದು ಇನ್ನೊಂದು. ಜಾತ್ರೆಗೆ ಕಂಕಣ ಕಟ್ಟಿಸಿಕೊಂಡ ಪೂಜಾರಿಗೂ ಇದೇ ಕಟ್ಟುಪಾಡು. ಮಕ್ಕಳ ಉಡದಾರದ ಬೆಳ್ಳಿ ತಾಯತ ಕಾಯುತ್ತದೆ, ಆದರೆ ಯಾವ ಕೆಲಸವನ್ನೂ ಹೊರಿಸುವುದಿಲ್ಲ.

ಕೈಗೆ ತೊಡಿಸುವುದೆಲ್ಲ ಹೀಗೆ ಬಿಚ್ಚಲೆಂದೇ ಅಲ್ಲ. 1840ರಲ್ಲಿ ಮೊದಲ ಮಗು ಹುಟ್ಟಿದಾಗ ವಿಕ್ಟೋರಿಯಾ ರಾಣಿಗೆ ಗಂಡ ಆಲ್ಬರ್ಟ್ ಬಂಗಾರದ ಕೈಸರಪಳಿ ಕೊಟ್ಟ. ಹುಟ್ಟಿದ ಪ್ರತಿ ಮಗುವಿಗೂ ಒಂದು ಪುಟ್ಟ ಹೃದಯ ಸೇರಿ, ಕೊನೆಗೆ ಒಂಬತ್ತು ತೂಗಿದವು. ಅದು ಚೆಂದವೇ. ಆದರೆ ಆ ಸರಪಳಿ ನೆನಪು ಕೂಡಿಸಿಡುವ ಒಡವೆ. ನಮ್ಮ ಕಂಕಣಕ್ಕೆ ಬಿಚ್ಚುವ ಶಾಸ್ತ್ರವಿದೆ. ಮದುಮಕ್ಕಳು ಒಬ್ಬರ ಗಂಟನ್ನೊಬ್ಬರು ಬಿಡಿಸುವಾಗ ಸುತ್ತ ಹೆಂಗಸರ ನಗೆಯೋ ನಗೆ. ನನಗೆ ಇದೇ ಹೆಚ್ಚು ಇಷ್ಟ.

ಪದ ದೂರದವರೆಗೂ ಹೋಗಿದೆ. ಮದುವೆ ಕೂಡಿಬಂದರೆ ಕಂಕಣಭಾಗ್ಯ. 2019ರ ಡಿಸೆಂಬರ್ 26ರಂದು ಮಂಗಳೂರು, ಕಾಸರಗೋಡು ಕಡೆಯವರು ಕಂಡ ಉಂಗುರದ ಸೂರ್ಯನಿಗೂ ಕಂಕಣಗ್ರಹಣ ಎಂದೇ ಹೆಸರು.

ಭಾಷಣಗಳಿಗೆ ಬಂದರೆ ಅದು ಕಂಕಣಬದ್ಧ. ನಮ್ಮ ಸೀಮೆಯಲ್ಲೇ ನೋಡಿ: ಗಂಗಾವತಿಯ ಗದ್ದೆಗಳಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಇದೆ. ಆದರೆ ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳಿಗೆ ಕೃಷ್ಣೆಯ ನೀರು ತರಲು ಕಂಕಣಬದ್ಧರು ಎಂಬ ಮಾತನ್ನು ಜನ ಬಹಳ ಕಾಲದಿಂದ ಕೇಳುತ್ತಿದ್ದಾರೆ. ಆಡಿದವರು ಕಂಕಣ ಬಿಚ್ಚುವ ದಿನವನ್ನೂ ಹೇಳಲಿ. ಯಾವ ಊರಿನ ಕೆರೆ ಯಾವ ವರ್ಷ ತುಂಬುತ್ತದೆ ಎಂಬುದು ಅದೇ ವೇದಿಕೆಯಲ್ಲಿ, ಅದೇ ಉಸಿರಿನಲ್ಲಿ ಬರಲಿ.