ಸಿಲ್ವೆಪುರದಿಂದ ಜರ್ಮನಿಗೆ ಹೋದ ಹಸಿವಿನ ಬಟ್ಟೆ

ಈ ಕಂತಿನಲ್ಲಿ ಒಂದು ಬಟ್ಟೆಯ ಇತಿಹಾಸ ಹೇಳ್ತೀನಿ. ಜರ್ಮನ್ ಭಾಷೆಯಲ್ಲಿ ಅದಕ್ಕೆ ಹುಂಗರ್‌ಟೂಖ್ ಅಂತಾರೆ. ನೇರ ಅರ್ಥ, ಹಸಿವಿನ ಬಟ್ಟೆ. 1976ರಲ್ಲಿ ಮಿಸೆರಿಯೋರ್ ಅನ್ನೋ ಜರ್ಮನ್ ಕ್ಯಾಥೊಲಿಕ್ ನೆರವಿನ ಸಂಸ್ಥೆ, ಚರ್ಚುಗಳಲ್ಲಿ ನೇತುಹಾಕೋಕೆ ತನ್ನ ಮೊದಲ ಹಸಿವಿನ ಬಟ್ಟೆಯನ್ನು ಮಾಡಿಸ್ತು. ಅದರ ಚಿತ್ರ ಬರೆದವರು ಜ್ಯೋತಿ ಸಾಹಿ. ಆ ಹೊತ್ತಿಗೆ ಅವರ ಸಂಸಾರ ಇದ್ದದ್ದು ನಮ್ಮ ಯಲಹಂಕಕ್ಕೆ ಹತ್ತಿರದ, ಹೆಸರಘಟ್ಟ ರಸ್ತೆ ಕಡೆಯ ಸಿಲ್ವೆಪುರದಲ್ಲಿ.

ನಾನು ಓದಿದ್ದು ಬಿಕಾಂ. ಕಲೆಯ ಬಗ್ಗೆ ದೊಡ್ಡ ಮಾತಾಡೋ ಅಧಿಕಾರ ನನಗಿಲ್ಲ. ಆದರೆ ಯಾವುದೇ ಚಿತ್ರ ನೋಡಿದರೂ ನನಗೆ ಮೊದಲು ಹೊಳೆಯೋ ಪ್ರಶ್ನೆಗಳು ಮೂರು. ಇದನ್ನ ಮಾಡಿಸಿದವರು ಯಾರು? ದುಡ್ಡು ಯಾವ ದಾರಿಯಲ್ಲಿ ಓಡಾಡ್ತು? ಕೊನೆಗೆ ಲಾಭ ಯಾರಿಗೆ? ಚರ್ಚಿನ ಚಿತ್ರಕ್ಕೆ ಈ ಪ್ರಶ್ನೆ ಕೇಳಿದರೆ ಅಪಚಾರ ಏನೂ ಆಗಲ್ಲ. ಇತಿಹಾಸ ಶುರುವಾಗೋದೇ ಅಲ್ಲಿಂದ.

ಬರ ಕಟ್ಟಿದ ಊರು

ಮೊದಲು ಊರಿನ ಹೆಸರು ನೋಡಿ. ಸಿಲ್ವೆ ಅಂದ್ರೆ ಶಿಲುಬೆ. ಶಿಲುಬೆಯ ಪುರ, ಸಿಲ್ವೆಪುರ. ಈ ಊರು ಹುಟ್ಟಿದ್ದು ಒಂದು ದೊಡ್ಡ ಸಾವಿನ ಹಿಂದೆ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನ ಹಿಂಡಿದ ಬರವನ್ನ ನಮ್ಮ ಹಳಬರು ಧಾತು ಈಶ್ವರ ಬರ ಅಂತಿದ್ರು. ಧಾತು, ಈಶ್ವರ ಎರಡೂ ಸಂವತ್ಸರಗಳ ಹೆಸರು. ಲೆಕ್ಕ ಹೇಳ್ತೀನಿ ಕೇಳಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಗಣತಿ ಹೊತ್ತಿಗೆ ಅದು 42 ಲಕ್ಷಕ್ಕೂ ಕೆಳಗೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೀಬೇಕಾದ ಜನಸಂಖ್ಯೆ ಎಂಟು ಲಕ್ಷಕ್ಕಿಂತ ಹೆಚ್ಚು ಕುಸಿದಿದೆ ಅಂದ್ರೆ ಆ ಎರಡು ವರ್ಷ ಹೇಗಿದ್ದಿರಬೇಕು ಊಹಿಸಿ.

ಅಪ್ಪ ಅಮ್ಮ ಇಲ್ಲದೆ ಉಳಿದ ಮಕ್ಕಳನ್ನ ಸಾಕೋಕೆ ಫ್ರೆಂಚ್ ಕ್ಯಾಥೊಲಿಕ್ ಮಿಷನರಿಗಳು ಜಮೀನು ಹಿಡಿದು ಬೇಸಾಯದ ನೆಲೆಗಳನ್ನ ಮಾಡಿದ್ರು. ಮಕ್ಕಳು ಬೆಳೆದರು, ಉಳುಮೆ ಕಲಿತರು, ಅಲ್ಲೇ ಮದುವೆಯಾಗಿ ಸಂಸಾರ ಹೂಡಿದ್ರು. ಸಿಲ್ವೆಪುರ ಅಂಥ ಒಂದು ನೆಲೆ. ಅಂದ್ರೆ ಯುರೋಪಿನ ಭಕ್ತರ ಕಾಣಿಕೆ ಈ ಕಡೆ ಹರಿದುಬಂದು ನಿಂತ ಊರು ಅದು. ಈ ಮಾತು ನೆನಪಿರಲಿ. ನೂರು ವರ್ಷ ಆದಮೇಲೆ ಇಲ್ಲಿಂದ ಆ ಕಡೆಗೆ ಏನು ಹೋಯಿತು ಅನ್ನೋದೇ ಇವತ್ತಿನ ಕಥೆ.

ಸೀರೆ ಉಟ್ಟ ಮರಿಯ

ಜ್ಯೋತಿ ಸಾಹಿ ಹುಟ್ಟಿದ್ದು 1944ರಲ್ಲಿ, ಪುಣೆಯಲ್ಲಿ. ತಂದೆ ಪಂಜಾಬಿ ಹಿಂದೂ, ತಾಯಿ ಇಂಗ್ಲೆಂಡಿನವರು. ಲಂಡನ್ನಿನ ಕ್ಯಾಂಬರ್‌ವೆಲ್ ಕಲಾಶಾಲೆಯಲ್ಲಿ ಓದು. ಆಮೇಲೆ ಕೇರಳದ ಕುರಿಶುಮಲ ಆಶ್ರಮದಲ್ಲಿ ಬೀಡ್ ಗ್ರಿಫಿತ್ಸ್ ಅವರ ಒಡನಾಟ, ವಾಸ್ತುಶಿಲ್ಪಿ ಲಾರಿ ಬೇಕರ್ ಜೊತೆ ಕೆಲಸ.

ಸಾಹಿ ಅವರಿಗಿಂತ ಮುಂಚೆ ಈ ದಾರಿಯಲ್ಲಿ ನಡೆದು ಏಟು ತಿಂದವರು ಇದ್ರು. ಗೋವಾದ ಆಂಜೆಲೊ ದ ಫೊನ್ಸೆಕಾ ಶಾಂತಿನಿಕೇತನದಲ್ಲಿ ಕಲಿತವರು. ಮರಿಯಮ್ಮನಿಗೆ ಸೀರೆ ಉಡಿಸಿ, ನಮ್ಮ ನಾಡಿನ ಹೆಣ್ಣುಮಗಳ ಹಾಗೆ ಬರೆದರು. ಪೋರ್ಚುಗೀಸರ ಕಾಲದ ಗೋವಾಕ್ಕೆ ಅದು ಜೀರ್ಣ ಆಗಲಿಲ್ಲ. ಫೊನ್ಸೆಕಾ ಪುಣೆಗೆ ಬಂದು ಒಂದು ಕ್ರೈಸ್ತ ಆಶ್ರಮದಲ್ಲಿ ನೆಲೆಸಿ, 1967ರಲ್ಲಿ ತೀರಿಕೊಂಡ್ರು. ಬಿಳಿ ಮೈ, ನೀಲಿ ಕಣ್ಣಿನ ಮೂರ್ತಿ ಮಾತ್ರ ದೇವರು, ಸೀರೆಯಲ್ಲಿದ್ದರೆ ದೇವರಲ್ಲ ಅನ್ನೋ ಕಾಲ ಅದು.

ಗಾಳಿ ತಿರುಗಿದ್ದು 1963ರ ಡಿಸೆಂಬರ್‌ನಲ್ಲಿ. ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯ ಬಗ್ಗೆ ಹೊರಡಿಸಿದ ದಾಖಲೆಯಲ್ಲಿ, ಧರ್ಮಸಭೆ ಯಾವುದೇ ಒಂದು ಕಲಾಶೈಲಿಯನ್ನ ತನ್ನದೇ ಅಂತ ಹಿಡಿದುಕೊಂಡಿಲ್ಲ, ಎಲ್ಲಾ ಜನಾಂಗ, ಎಲ್ಲಾ ಸೀಮೆಯ ಕಲೆಗೂ ಜಾಗ ಇದೆ ಅನ್ನೋ ಅರ್ಥದ ಮಾತು ಬಂತು. ನಾಲ್ಕು ವರ್ಷದ ನಂತರ, 1967ರಲ್ಲಿ, ಭಾರತದ ಧರ್ಮಾಧ್ಯಕ್ಷರು ಬೆಂಗಳೂರಲ್ಲೇ ಒಂದು ರಾಷ್ಟ್ರೀಯ ಕೇಂದ್ರ ಶುರು ಮಾಡಿದ್ರು. ಎನ್‌ಬಿಸಿಎಲ್‌ಸಿ ಅಂತ ಅದರ ಚಿಕ್ಕ ಹೆಸರು. ಕಟ್ಟಿ ಬೆಳೆಸಿದವರು ಫಾದರ್ ಡಿ.ಎಸ್. ಅಮಲೋರ್ಪವದಾಸ್. ಆಮೇಲೆ ಮೈಸೂರಿಗೆ ಹೋಗಿ ಅಂಜಲಿ ಆಶ್ರಮ ಕಟ್ಟಿದವರೂ ಇವರೇ. 1969ರಲ್ಲಿ ರೋಮ್ ಅನುಮತಿ ಕೊಟ್ಟ ಮೇಲೆ ನೆಲದ ಮೇಲೆ ಕೂತು ಬಲಿಪೂಜೆ, ಕೈಮುಗಿಯೋದು, ಆರತಿ ಎತ್ತೋದು ಎಲ್ಲಾ ಅಧಿಕೃತ ಆಯಿತು. ಪೂಜೆಯ ರೀತಿ ಬದಲಾದ ಮೇಲೆ ಗೋಡೆ, ಬಾಗಿಲು, ಪೀಠ ಹಳೇ ಥರಾನೇ ಇರೋಕಾಗುತ್ತಾ? ಅಲ್ಲಿಗೆ ಕಲಾವಿದ ಬೇಕಾಯ್ತು. ಆ ಕೆಲಸದಲ್ಲಿ ಸಾಹಿ ವರ್ಷಗಟ್ಟಲೆ ತೊಡಗಿದ್ರು.

ಸಿಲ್ವೆಪುರದಲ್ಲಿ ಇನ್ನೂ ಒಂದು ಕೆಲಸ ನಡೀತಿತ್ತು. 1975ರಲ್ಲಿ ಜೇನ್ ಸಾಹಿ ಹಳ್ಳಿ ಮಕ್ಕಳಿಗೆ ಅಂತ ಸೀತಾ ಸ್ಕೂಲ್ ಶುರು ಮಾಡಿದ್ರು. ಸೀತಾ ಅಂದ್ರೆ ಸಂಸ್ಕೃತದಲ್ಲಿ ನೇಗಿಲ ಗೆರೆ. ಬೇಸಾಯದ ಊರಿಗೆ ಒಪ್ಪೋ ಹೆಸರು. ಅಲ್ಲಿ ಚಿತ್ರ ಬರೆಯೋದು ಶನಿವಾರದ ಮೋಜಿನ ಪೀರಿಯಡ್ ಆಗಿರಲಿಲ್ಲ, ಓದು ಬರಹ ಕಲಿಯೋ ದಾರಿಯೇ ಆಗಿತ್ತು. ಮುಂದೆ 1980ರ ದಶಕದಲ್ಲಿ ಇದೇ ಊರಲ್ಲಿ ಸಾಹಿ ಅವರ ಕಲಾ ಆಶ್ರಮ ಬಂತು. ಕಲಾವಿದರು ಬಂದು ಇದ್ದು, ಧರ್ಮ ಮತ್ತು ಕಲೆ ಎರಡನ್ನೂ ಒಟ್ಟಿಗೆ ಯೋಚಿಸೋ ಜಾಗ. ಏಷ್ಯಾ ಮಟ್ಟದಲ್ಲೂ ಆಗ ಅಂಥದ್ದೇ ಹುರುಪು. ಜಪಾನಿನ ಮಸಾವೊ ತಕೆನಾಕಾ ಮುಂದಾಳ್ತನದಲ್ಲಿ 1978ರಲ್ಲಿ ಏಷ್ಯನ್ ಕ್ರಿಶ್ಚಿಯನ್ ಆರ್ಟ್ ಅಸೋಸಿಯೇಷನ್ ಹುಟ್ಟಿತು.

ಬಟ್ಟೆ ಹೇಗೆ ಅನ್ನ ಆಗುತ್ತೆ

ಈಗ ಹಸಿವಿನ ಬಟ್ಟೆಗೆ ಬರೋಣ. ಮಧ್ಯಯುಗದ ಯುರೋಪಿನಲ್ಲಿ ತಪಸ್ಸುಕಾಲ ಬಂತು ಅಂದ್ರೆ ಬಲಿಪೀಠಕ್ಕೆ ಅಡ್ಡವಾಗಿ ದೊಡ್ಡ ಪರದೆ ಕಟ್ಟೋರು. ಹೊಟ್ಟೆಗೆ ಉಪವಾಸ ಇದ್ದಹಾಗೆ ಕಣ್ಣಿಗೂ ಉಪವಾಸ. ನಿಧಾನಕ್ಕೆ ಆ ಪರದೆ ಮೇಲೆ ಬೈಬಲ್ ಕಥೆಗಳ ಚಿತ್ರ ಬಂದವು. ಓದು ಬಾರದ ಜನರಿಗೆ ಅದೇ ಪುಸ್ತಕ. ಜರ್ಮನಿಯ ಸಿಟ್ಟೌ ಊರಲ್ಲಿ 1472ರ ಒಂದು ಬಟ್ಟೆ ಈಗಲೂ ಇದೆ, 90 ಚಿತ್ರಗಳಿವೆ. ಅದನ್ನ ಮಾಡಿಸಿಕೊಟ್ಟವನು ಒಬ್ಬ ಸಾಂಬಾರ ಪದಾರ್ಥ ಮತ್ತು ಧಾನ್ಯದ ವ್ಯಾಪಾರಿ. ಹಸಿವಿನ ಬಟ್ಟೆಗೆ ದುಡ್ಡು ಹಾಕಿದ್ದು ಧಾನ್ಯದ ಅಂಗಡಿಯವನು, ನೋಡಿ.

ಜರ್ಮನ್ನರಲ್ಲಿ ಕಡುಬಡವನನ್ನ ಹಸಿವಿನ ಬಟ್ಟೆ ಕಚ್ಚಿಕೊಂಡು ಬದುಕ್ತಾನೆ ಅನ್ನೋ ಗಾದೆ ಇದೆ. ನಮ್ಮಲ್ಲಿ ಹೊಟ್ಟೆಗೆ ತಣ್ಣೀರು ಬಟ್ಟೆ ಅಂತೀವಲ್ಲ, ಹಾಗೆ. ಎಲ್ಲಿಂದೆಲ್ಲಿಗೆ, ಎರಡೂ ಭಾಷೆಯಲ್ಲಿ ಹಸಿವಿಗೆ ಸಿಕ್ಕಿದ್ದು ಬಟ್ಟೆಯೇ.

ಮಿಸೆರಿಯೋರ್ ಶುರುವಾದದ್ದು 1958ರಲ್ಲಿ. ಮಹಾಯುದ್ಧದಲ್ಲಿ ನೆಲಕಚ್ಚಿದ್ದ ಜರ್ಮನಿ ಮತ್ತೆ ಎದ್ದು ನಿಂತಿತ್ತು, ಕೈಯಲ್ಲಿ ದುಡ್ಡು ಓಡಾಡ್ತಿತ್ತು. ಕೊಲೋನಿನ ಕಾರ್ಡಿನಲ್ ಫ್ರಿಂಗ್ಸ್ ಮುಂದಿಟ್ಟ ಯೋಚನೆಯನ್ನ ಅಲ್ಲಿನ ಧರ್ಮಾಧ್ಯಕ್ಷರು ಒಪ್ಪಿಕೊಂಡರು. ಕೆಲಸ ನಡೆಯೋ ರೀತಿ ಹೀಗೆ. ಕಲಾವಿದರಿಂದ ಒಂದು ಚಿತ್ರ ಮಾಡಿಸ್ತಾರೆ. ಅದನ್ನ ಬಟ್ಟೆ ಮೇಲೆ ಅಚ್ಚು ಹಾಕಿಸ್ತಾರೆ. ಚರ್ಚು, ಶಾಲೆಗಳು ಕೊಂಡು ತಂದು ನೇತುಹಾಕ್ತವೆ. ತಪಸ್ಸುಕಾಲದ ಅಷ್ಟೂ ವಾರ ಆ ಚಿತ್ರ ಇಟ್ಟುಕೊಂಡು ಪ್ರಸಂಗ, ಚರ್ಚೆ, ಮಕ್ಕಳಿಗೆ ಪಾಠ. ಐದನೇ ಭಾನುವಾರ ದೇಶದ ಚರ್ಚುಗಳಲ್ಲಿ ಮಿಸೆರಿಯೋರ್ ಕಾಣಿಕೆ ಎತ್ತುತ್ತಾರೆ. ಆ ಹಣ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಕೆಲಸಗಳಿಗೆ ಹೋಗುತ್ತೆ. ಅಂದ್ರೆ ಚಿತ್ರವನ್ನೇ ಹರಾಜು ಹಾಕಿ ದಾನ ಮಾಡೋದಲ್ಲ ಇದು. ಚಿತ್ರ ಜನರ ಮನಸ್ಸನ್ನ ಐದು ವಾರ ಹದ ಮಾಡುತ್ತೆ, ಆಮೇಲೆ ಕೈ ಜೇಬಿಗೆ ಹೋಗುತ್ತೆ.

ಕಾಮರ್ಸ್ ಓದಿದವರಿಗೆ ಇನ್ನೊಂದು ವಿಷಯ. ಭಾರತದಲ್ಲಿ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅದೇ ಎಫ್‌ಸಿಆರ್‌ಎ, ಮೊದಲು ಬಂದದ್ದೂ 1976ರಲ್ಲೇ. ಒಂದು ಕಡೆ ವಿದೇಶಿ ದಾನವನ್ನ ಸರ್ಕಾರ ಅನುಮಾನದಿಂದ ನೋಡೋಕೆ ಶುರು ಮಾಡಿದ ವರ್ಷ. ಇನ್ನೊಂದು ಕಡೆ ಭಾರತದ ಕಲಾವಿದ ತನ್ನ ದುಡಿಮೆಯಿಂದ ಆ ದಾನದ ಹುಂಡಿಯನ್ನೇ ತುಂಬಿಸೋಕೆ ನಿಂತ ವರ್ಷ.

ನನಗೆ ಮುಖ್ಯ ಅನ್ನಿಸೋದು ಇದು. 1960ರ ದಶಕದ ಕೊನೆಗೆ ಬಿಯಾಫ್ರಾ ಯುದ್ಧದ ಫೋಟೋಗಳು ಬಂದಾಗಿಂದ ದಾನ ಕೇಳೋದಕ್ಕೆ ಒಂದೇ ಚಿತ್ರ ಅಂತಾಗಿತ್ತು. ಹೊಟ್ಟೆ ಉಬ್ಬಿದ, ಮೂಳೆ ಕಾಣೋ ಮಗು. ಆ ಮಗುವಿಗೆ ಹೆಸರಿಲ್ಲ, ಮಾತಿಲ್ಲ. ನೋಡೋನು ಕೊಡೋನು, ನೋಡಿಸಿಕೊಳ್ಳೋನು ಬೇಡೋನು. ಹಸಿವಿನ ಬಟ್ಟೆ ಇದನ್ನ ತಲೆಕೆಳಗು ಮಾಡ್ತು. ದಾನ ತೆಗೆದುಕೊಳ್ಳೋ ನಾಡಿನಿಂದಲೇ ಒಬ್ಬ ಬಂದು ಕೊಡೋರಿಗೆ ಬೈಬಲ್ ವಿವರಿಸ್ತಾನೆ. ಜರ್ಮನ್ ಭಕ್ತ ಮಂಡಿಯೂರಿದ್ದು ಭಾರತೀಯನ ಕೈಯ ಚಿತ್ರದ ಮುಂದೆ. ಆಮೇಲೆ ಇದೇ ಪದ್ಧತಿ ಆಯಿತು. 1978ರಲ್ಲಿ ಇಥಿಯೋಪಿಯಾದ ಕಲಾವಿದ, 1982ರಲ್ಲಿ ಹೈಟಿಯ ಜಾಕ್ ಶೆರಿ, 1990ರಲ್ಲಿ ಗೋವಾ ಮೂಲದ ಲೂಸಿ ಡಿಸೋಜಾ ಬರೆದ ಬೈಬಲಿನ ಹೆಣ್ಣುಮಕ್ಕಳು, 1992ರಲ್ಲಿ ಅರ್ಜೆಂಟೀನಾದ ನೊಬೆಲ್ ಪುರಸ್ಕೃತ ಪೆರೆಸ್ ಎಸ್ಕಿವೆಲ್. ಈ ಸಾಲಿನ ಮೊದಲ ಹೆಸರು ಸಿಲ್ವೆಪುರದ್ದು. ಬರದ ಅನಾಥರಿಗೆ ಅಂತ ಕಟ್ಟಿದ ಊರಿನಿಂದ, ಸುಮಾರು ನೂರು ವರ್ಷದ ಮೇಲೆ, ಹಸಿವಿನ ಬಗ್ಗೆ ಯುರೋಪಿಗೆ ಪಾಠ ಹೋಯ್ತು.

ಎರಡೂ ಕಡೆಯಿಂದ ಏಟು

ಇಲ್ಲಿಗೇ ನಿಲ್ಲಿಸಿದರೆ ಇದು ಹೊಗಳಿಕೆ ಆಗುತ್ತೆ, ಇತಿಹಾಸ ಆಗಲ್ಲ. ದೇಶೀ ಶೈಲಿಯ ಚರ್ಚ್ ಕಲೆಗೆ ಊರಲ್ಲೇ ವಿರೋಧ ಇತ್ತು. ಎಷ್ಟೋ ಕ್ಯಾಥೊಲಿಕರಿಗೆ ಇದು ಚರ್ಚನ್ನ ದೇವಸ್ಥಾನ ಮಾಡೋ ಹುನ್ನಾರ ಅನ್ನಿಸ್ತು. ಇತ್ತ ಕೆಲವು ಹಿಂದೂ ಬರಹಗಾರರಿಗೆ ಇದು ಮತಾಂತರದ ವೇಷ. ಸೀತಾರಾಮ್ ಗೋಯಲ್ 1988ರಲ್ಲಿ ಕ್ಯಾಥೊಲಿಕ್ ಆಶ್ರಮಗಳ ಬಗ್ಗೆ ಪುಸ್ತಕವನ್ನೇ ತಂದರು. ಒಬ್ಬರಿಗೆ ಅತಿ ಹಿಂದೂ, ಇನ್ನೊಬ್ಬರಿಗೆ ಕಳ್ಳ ಹಿಂದೂ.

ಇವೆರಡಕ್ಕಿಂತ ಆಳದ ಪ್ರಶ್ನೆ ಬಂದದ್ದು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಿಂದ. 1981ರಲ್ಲಿ ಅರವಿಂದ ನಿರ್ಮಲ್ ಅಲ್ಲಿ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರ ಅನ್ನೋ ಚಿಂತನೆ ಶುರುವಾಯ್ತು ಅಂತ ಗುರುತಿಸ್ತಾರೆ. ಅವರ ವಾದ ಸರಳ. ಭಾರತದ ಕ್ರೈಸ್ತರಲ್ಲಿ ಹೆಚ್ಚಿನವರು ದಲಿತ ಮೂಲದವರು. ಹಾಗಿರುವಾಗ ಭಾರತೀಯ ಅಂದ ತಕ್ಷಣ ವೇದ, ಉಪನಿಷತ್ತು, ಪದ್ಮಾಸನ ಮಾತ್ರ ಯಾಕೆ? ಯಾವ ಗುಡಿಯೊಳಗೆ ಬಿಡಲಿಲ್ಲವೋ ಅದರ ಗೋಪುರವನ್ನೇ ಚರ್ಚಿನ ಮೇಲೆ ತಂದಿಟ್ಟರೆ ಅವರಿಗೆ ಅದು ಮನೆ ಅನ್ನಿಸುತ್ತಾ?

ನ್ಯಾಯವಾದ ಪ್ರಶ್ನೆ. ಚಿತ್ರ ಮಾಡಿಸೋನು ಧರ್ಮಾಧ್ಯಕ್ಷ, ದುಡ್ಡು ಕೊಡೋನು ಜರ್ಮನ್, ಬರೆಯೋನು ಲಂಡನ್ನಿನಲ್ಲಿ ಓದಿದವನು. ಯಾರ ಹೆಸರಲ್ಲಿ ಇದೆಲ್ಲಾ ನಡೀತಿದೆಯೋ ಆ ಕೂಲಿ ಹೆಂಗಸು ಲೆಕ್ಕದ ಯಾವ ಕಾಲಂನಲ್ಲಿದ್ದಾಳೆ?

ಒರಳು ಮತ್ತು ಗುಂಡು

ಸಾಹಿ ಅವರ ಮುಂದಿನ ಚಿತ್ರಗಳಲ್ಲಿ ಇದಕ್ಕೊಂದು ಉತ್ತರ ಹುಡುಕಬಹುದು. ದಲಿತ ಮಡೋನಾ ಅಂತ ಒಂದು ಚಿತ್ರ, ಈಗ ಬ್ರಿಟನ್ನಿನ ಮೆಥಡಿಸ್ಟ್ ಚರ್ಚಿನ ಆಧುನಿಕ ಕಲಾ ಸಂಗ್ರಹದಲ್ಲಿದೆ. ತಾಯಿ, ಮಗು. ಆದರೆ ಆ ರೂಪ ಬಂದಿರೋದು ನಮ್ಮ ಅಡುಗೆಮನೆಯ ಒರಳುಕಲ್ಲಿನಿಂದ. ಗುಳಿಬಿದ್ದ ಒರಳು ತಾಯಿ, ಅದರೊಳಗೆ ಕೂರೋ ಗುಂಡು ಮಗು. ಇಲ್ಲಿ ಗೋಪುರ ಇಲ್ಲ, ಕಮಲ ಇಲ್ಲ. ಯಾವ ಜಾತಿಯ ಮನೆಯಲ್ಲೂ ಹೆಂಗಸಿನ ರಟ್ಟೆ ಸೋಲಿಸಿದ ಕಲ್ಲು ಇದೆ. ಹಸಿವು, ಅನ್ನ, ದುಡಿಮೆ, ತಾಯ್ತನ ನಾಲ್ಕೂ ಒಂದೇ ಕಲ್ಲಿನಲ್ಲಿ. ಇದನ್ನ ಅರ್ಥಮಾಡಿಕೊಳ್ಳೋಕೆ ನಮ್ಮಜ್ಜಿಗೆ ಯಾವ ದೇವತಾಶಾಸ್ತ್ರವೂ ಬೇಕಿರಲಿಲ್ಲ.

ಕೊನೆಗೊಂದು ಲೆಕ್ಕ. ನಮ್ಮಲ್ಲಿ ಚರ್ಚಾಗಲಿ, ಗುಡಿಯಾಗಲಿ ಕಟ್ಟುವಾಗ ಗ್ರಾನೈಟ್, ಲೈಟು, ಸೌಂಡ್ ಸಿಸ್ಟಮ್ ಎಲ್ಲದಕ್ಕೂ ಮೊದಲೇ ಬಜೆಟ್ ಇರುತ್ತೆ. ಚಿತ್ರಕ್ಕೆ ಉಳಿದರೆ ನೋಡೋಣ ಅಂತಾರೆ. ರೆಡಿಮೇಡ್ ಫೈಬರ್ ಮೂರ್ತಿ ಬಂದು ಕೂರುತ್ತೆ, ಕಲಾವಿದ ಬೇರೆ ಕೆಲಸ ಹುಡುಕ್ತಾನೆ. ಸಿಲ್ವೆಪುರದ ಕಥೆ ಹೇಳೋದು ಏನಂದ್ರೆ, ಒಬ್ಬ ಕಲಾವಿದನಿಗೆ ಕೊಟ್ಟ ಕೆಲಸ ಅವನ ಮನೆಯಲ್ಲೇ ಮುಗಿಯಲ್ಲ. ಅದು ಸರಿಯಾದ ದಾರಿ ಹಿಡಿದರೆ ಸಾವಿರಾರು ಮೈಲಿ ಆಚೆಯ ಹುಂಡಿ ತುಂಬಿಸಿ, ಇನ್ನೆಲ್ಲೋ ಒಂದು ಬಾವಿ, ಒಂದು ಶಾಲೆ ಆಗಿ ವಾಪಸ್ ಬರಬಹುದು. ಅದಕ್ಕಿಂತ ಹೆಚ್ಚಾಗಿ, ಬೇಡೋನು ಅನ್ನಿಸಿಕೊಂಡವನಿಗೆ ಹೇಳೋನು ಆಗೋ ಅವಕಾಶ ಕೊಡುತ್ತೆ.

ಮುಂದಿನ ಸಲ ಹೆಸರಘಟ್ಟ ಕೆರೆ ನೋಡೋಕೋ, ನೃತ್ಯಗ್ರಾಮಕ್ಕೋ ಹೋಗುವಾಗ ಸಿಲ್ವೆಪುರದ ಬೋರ್ಡ್ ಕಂಡರೆ, ಆ ಹೆಸರಿನಲ್ಲಿರೋ ಶಿಲುಬೆಯ ಜೊತೆಗೆ ಧಾತು ಈಶ್ವರ ಬರವನ್ನೂ ನೆನಪಿಸಿಕೊಳ್ಳಿ.