ಮನರಂಜನಾ ಉದ್ಯಾನ ಪ್ರವಾಸ: ಋತುಮಾನದ ರಿಯಾಯಿತಿಗೆ ದಿನ ಹೊಂದಿಸುವ ಬಗೆ

ಸವಳಂಗ: ಆಷಾಢ ಬಂತೆಂದರೆ ಬಟ್ಟೆ ಅಂಗಡಿಗಳ ಮುಂದೆ ರಿಯಾಯಿತಿ ಮಾರಾಟದ ಫಲಕಗಳು ತೂಗಾಡುವುದು ನಮ್ಮ ಭಾಗದ ಜನರಿಗೆ ಹೊಸತಲ್ಲ. ಮದುವೆ, ಮುಂಜಿಗಳಿಲ್ಲದೆ ವ್ಯಾಪಾರ ಕುಗ್ಗುವ ತಿಂಗಳಲ್ಲಿ ಗಿರಾಕಿಗಳನ್ನು ಸೆಳೆಯುವ ಉಪಾಯವದು. ಬಿಡದಿ, ಮೈಸೂರುಗಳ ಮನರಂಜನಾ ಉದ್ಯಾನಗಳು ವರ್ಷದ ಕೆಲವು ತಿಂಗಳುಗಳಲ್ಲಿ ಪ್ರವೇಶ ದರವನ್ನು ಇಳಿಸುವುದರ ಹಿಂದೆಯೂ ಇದೇ ತರ್ಕವಿದೆ. ಈ ತರ್ಕವನ್ನು ಅರಿತು ದಿನಾಂಕ ಗೊತ್ತುಪಡಿಸಿದರೆ, ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ಭಾಗದ ಕುಟುಂಬಗಳು ಒಂದು ದಿನದ ವಿಹಾರಕ್ಕೆ ತಗಲುವ ವೆಚ್ಚವನ್ನು ಗಣನೀಯವಾಗಿ ತಗ್ಗಿಸಿಕೊಳ್ಳಬಹುದು. ಆದರೆ ಟಿಕೆಟ್ಟಿನ ರಿಯಾಯಿತಿಯನ್ನಷ್ಟೇ ನೋಡಿ ಹೊರಟರೆ ಉಳಿಸಿದ ಹಣ ಬಸ್ಸು, ವಸತಿಗಳಿಗೆ ಸೋರಿಹೋಗುವುದೂ ಉಂಟು.

ರಿಯಾಯಿತಿ ಏಕೆ, ಯಾವಾಗ?

ಕೊಚ್ಚಿಯಲ್ಲಿ 2000ದಲ್ಲಿ 'ವೀಗಾಲ್ಯಾಂಡ್' ಎಂಬ ಹೆಸರಿನಿಂದ ಉದ್ಯಾನ ಆರಂಭಿಸಿದ ಸಂಸ್ಥೆಯು 2005ರಲ್ಲಿ ಬಿಡದಿಯ ಬಳಿ 'ವಂಡರ್‌ಲಾ'ವನ್ನು ತೆರೆಯಿತು. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಇದೆ. ಇಂಥ ಉದ್ಯಾನಗಳ ಯಂತ್ರಗಳು, ನೀರಿನ ಶುದ್ಧೀಕರಣ, ಸಿಬ್ಬಂದಿಯ ವೇತನ ಇವುಗಳ ಖರ್ಚು ಸಾವಿರ ಜನ ಬಂದರೂ ಐದು ಸಾವಿರ ಜನ ಬಂದರೂ ಹೆಚ್ಚು ವ್ಯತ್ಯಾಸವಾಗದು. ಆದ್ದರಿಂದ ಜನ ಕಡಿಮೆಯಿರುವ ದಿನಗಳಲ್ಲಿ ದರ ಇಳಿಸಿಯಾದರೂ ಜನರನ್ನು ಕರೆತರುವುದು ಮಾಲೀಕರಿಗೆ ಲಾಭದಾಯಕ.

ಬೇಡಿಕೆಯ ಏರಿಳಿತವನ್ನು ನಿರ್ಧರಿಸುವುದು ಮುಖ್ಯವಾಗಿ ಶಾಲಾ ಕ್ಯಾಲೆಂಡರು. ಏಪ್ರಿಲ್, ಮೇ ತಿಂಗಳ ಬೇಸಿಗೆ ರಜೆ, ದಸರಾ ರಜೆ, ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಿನ ವಾರ ಇವು ದಟ್ಟಣೆಯ ಕಾಲ. ಆಗ ದರವೂ ಹೆಚ್ಚು, ಸಾಲೂ ಉದ್ದ. ಶಾಲೆಗಳು ತೆರೆದ ಮೇಲೆ, ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ, ಜನ ವಿರಳ. ಸಂಕ್ರಾಂತಿ ಕಳೆದು ಪರೀಕ್ಷೆಗಳು ಸಮೀಪಿಸುವ ವಾರಗಳಲ್ಲಿಯೂ, ವಿಶೇಷವಾಗಿ ಸೋಮವಾರದಿಂದ ಗುರುವಾರದವರೆಗೆ, ಇದೇ ಸ್ಥಿತಿ. ರಿಯಾಯಿತಿಗಳು ಹೆಚ್ಚಾಗಿ ಪ್ರಕಟವಾಗುವುದು ಈ ಎರಡು ಅವಧಿಗಳಲ್ಲಿ. ಇವಲ್ಲದೆ ಗುರುತಿನ ಚೀಟಿ ತೋರಿಸುವ ಕಾಲೇಜು ವಿದ್ಯಾರ್ಥಿಗಳಿಗೆ ಹಾಗೂ ಪರೀಕ್ಷೆ ಮುಗಿಸಿ ಪ್ರವೇಶಪತ್ರ ತರುವ ವಿದ್ಯಾರ್ಥಿಗಳಿಗೆ ವಿಶೇಷ ಕೊಡುಗೆಗಳಿರುವುದುಂಟು. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಯವರು ಆ ಚೀಟಿಯನ್ನು ಜೋಪಾನವಾಗಿ ತೆಗೆದಿಡುವುದು ಒಳಿತು.

ಮಳೆಯ ಭಯ ಎಷ್ಟು ನಿಜ?

ಜುಲೈ ತಿಂಗಳಲ್ಲಿ ಸವಳಂಗದಿಂದ ಶಿಕಾರಿಪುರದ ಕಡೆಗೆ ಎಡೆಬಿಡದ ಮಳೆ ಸುರಿಯುವಾಗ ನೀರಾಟದ ಉದ್ಯಾನಕ್ಕೆ ಹೋಗುವ ಮಾತು ವಿಚಿತ್ರವೆನಿಸಬಹುದು. ಆದರೆ ನಮ್ಮಲ್ಲಿ ಮುಂಗಾರು ಬಿರುಸಾಗಿರುವ ಜುಲೈ ಬೆಂಗಳೂರು, ಬಿಡದಿ ಕಡೆಯ ಅತಿ ಹೆಚ್ಚು ಮಳೆಯ ತಿಂಗಳಲ್ಲ. ಅಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ, ಅದೂ ಬಹುಪಾಲು ಸಂಜೆ ಮತ್ತು ರಾತ್ರಿಯ ವೇಳೆ. ಹೀಗಾಗಿ ರಿಯಾಯಿತಿಯ ಅವಧಿಯಲ್ಲಿ ಜುಲೈ ತಿಂಗಳನ್ನೇ ಆರಿಸಿಕೊಳ್ಳುವುದು ಸುರಕ್ಷಿತ. ಗುಡುಗು, ಸಿಡಿಲುಗಳಿದ್ದಾಗ ಎತ್ತರದ ಆಟಗಳನ್ನು ನಿಲ್ಲಿಸುವುದು ವಾಡಿಕೆಯಾದ್ದರಿಂದ ಅಂಥ ಆಟಗಳನ್ನು ಬೆಳಗಿನಲ್ಲಿಯೇ ಮುಗಿಸಿಕೊಳ್ಳಬೇಕು.

ಕೊಡುಗೆಯ ಲೆಕ್ಕಾಚಾರ

'ಎರಡು ಕೊಂಡರೆ ಒಂದು ಉಚಿತ' ಎಂಬ ಕೊಡುಗೆಯು ಮೂರನೆಯ ಒಂದು ಭಾಗದ ಉಳಿತಾಯದಂತೆ ತೋರುತ್ತದೆ. ವಾಸ್ತವದಲ್ಲಿ ಅದು ತಂಡದ ಸಂಖ್ಯೆಯನ್ನು ಅವಲಂಬಿಸಿದೆ. ಟಿಕೆಟ್ ದರ 1,200 ರೂಪಾಯಿ ಎಂದು ಭಾವಿಸೋಣ. ಮೂವರು ಹೋದರೆ ಇಬ್ಬರ ಹಣ, ಅಂದರೆ 2,400 ರೂ. ಸಾಕು. ಐವರು ಹೋದರೆ ನಾಲ್ವರ ಹಣ, 4,800 ರೂ. ಕೊಡಬೇಕು, ಉಳಿತಾಯ ಶೇ. 20 ಮಾತ್ರ. ಅದೇ ಐವರಿಗೆ ನೇರವಾಗಿ ಶೇ. 25ರ ರಿಯಾಯಿತಿ ದೊರೆತರೆ 4,500 ರೂ. ಸಾಕಾಗುತ್ತದೆ. ಆರು ಜನರಾದಾಗ ಮತ್ತೆ ಮೊದಲ ಕೊಡುಗೆಯೇ ಲಾಭ: 5,400ರ ಬದಲು 4,800 ರೂ. ಆದ್ದರಿಂದ ಮನೆಯವರ ಸಂಖ್ಯೆಯನ್ನಿಟ್ಟು ಲೆಕ್ಕ ಹಾಕಿದ ಬಳಿಕವೇ ಕೊಡುಗೆಯನ್ನು ಆಯ್ದುಕೊಳ್ಳಬೇಕು.

ಮಕ್ಕಳ ದರವನ್ನು ಅನೇಕ ಉದ್ಯಾನಗಳು ವಯಸ್ಸಿನಿಂದಲ್ಲ, ಎತ್ತರದಿಂದ ನಿರ್ಧರಿಸುತ್ತವೆ. ಬುಕಿಂಗ್‌ಗೆ ಮುನ್ನ ಮಗುವಿನ ಎತ್ತರವನ್ನು ಮನೆಯಲ್ಲಿಯೇ ಅಳೆದರೆ ದ್ವಾರದಲ್ಲಿ ವಾದಿಸುವ ಪ್ರಮೇಯ ಬಾರದು. ಪ್ರಕಟಿತ ದರದಲ್ಲಿ ಜಿ.ಎಸ್.ಟಿ. ಸೇರಿದೆಯೇ ಎಂಬುದನ್ನೂ ನೋಡಬೇಕು. ಮನರಂಜನಾ ಉದ್ಯಾನಗಳ ಪ್ರವೇಶದ ಮೇಲಿದ್ದ ಶೇ. 28ರ ತೆರಿಗೆಯನ್ನು 2018ರ ಜನವರಿಯಲ್ಲಿ ಶೇ. 18ಕ್ಕೆ ಇಳಿಸಲಾಯಿತು. ಈ ತೆರಿಗೆ ಸೇರದಿದ್ದಲ್ಲಿ 1,200 ರೂಪಾಯಿಯ ಟಿಕೆಟ್ 1,416 ರೂಪಾಯಿಯಾಗುತ್ತದೆ.

ಪ್ರಯಾಣ ಮೊದಲು, ಟಿಕೆಟ್ ಅನಂತರ

ಸವಳಂಗದಿಂದ ಸುಮಾರು 25 ಕಿ.ಮೀ. ದೂರದ ಶಿವಮೊಗ್ಗವೇ ಈ ಭಾಗದವರಿಗೆ ಅನುಕೂಲವಾದ ರೈಲು ನಿಲ್ದಾಣ. ರೈಲು ಸೀಟುಗಳ ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿಸಲಾಗಿದೆ. ಉದ್ಯಾನದ ರಿಯಾಯಿತಿ ದರದ ಟಿಕೆಟ್ ನಿರ್ದಿಷ್ಟ ದಿನಾಂಕಕ್ಕೆ ಮಾತ್ರ ಸಲ್ಲುವುದು ಸಾಮಾನ್ಯ. ಹೀಗಾಗಿ ಮೊದಲು ಹೋಗಿಬರುವ ರೈಲು ಅಥವಾ ಬಸ್ಸಿನ ಸೀಟು ಖಚಿತಪಡಿಸಿಕೊಂಡು, ಅದೇ ದಿನ ಉದ್ಯಾನದ ಟಿಕೆಟ್ ಕೊಳ್ಳುವುದು ಜಾಣತನ.

ಕೆ.ಎಸ್.ಆರ್.ಟಿ.ಸಿ. ಬಸ್ಸುಗಳಲ್ಲಿ ನಾಲ್ಕು ಅಥವಾ ಹೆಚ್ಚು ಮಂದಿ ಒಂದೇ ಟಿಕೆಟ್‌ನಲ್ಲಿ ಮುಂಗಡ ಕಾಯ್ದಿರಿಸಿದರೆ ಶೇ. 5, ಹೋಗುವ ಮತ್ತು ಬರುವ ಟಿಕೆಟ್‌ಗಳನ್ನು ಒಟ್ಟಿಗೆ ಪಡೆದರೆ ಬರುವ ಪ್ರಯಾಣಕ್ಕೆ ಶೇ. 10 ರಿಯಾಯಿತಿ ನೀಡುವ ಪದ್ಧತಿಯಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ ಮತ್ತು ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸದು. ಅಜ್ಜಿ, ತಾಯಿ, ಮಗಳು ಇರುವ ಕುಟುಂಬಕ್ಕೆ ಉದ್ಯಾನ ಕೊಡುವ ರಿಯಾಯಿತಿಗಿಂತ ಈ ಉಳಿತಾಯವೇ ಹೆಚ್ಚಾಗಬಹುದು. ಇದಕ್ಕೆ ವಿರುದ್ಧವಾಗಿ, 1,200 ರೂ. ಉಳಿಸುವ ಆಸೆಯಿಂದ ಅನುಕೂಲವಲ್ಲದ ದಿನ ಆರಿಸಿ, ಮರಳಲು ಸೀಟು ಸಿಗದೆ ಒಂದು ರಾತ್ರಿಯ ವಸತಿಗೆ 1,500 ರೂ. ತೆತ್ತರೆ ಲೆಕ್ಕ ತಲೆಕೆಳಗಾಗುತ್ತದೆ.

ಸ್ಥಳೀಯ ಜನದಟ್ಟಣೆಯನ್ನೂ ಗಮನದಲ್ಲಿಡಬೇಕು. ಫೆಬ್ರವರಿ ಮಧ್ಯದಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಯಂತಿಗೆ ನಾಡಿನ ಹಲವೆಡೆಗಳಿಂದ ಭಕ್ತರು ಬರುವುದರಿಂದ ಆ ದಿನಗಳಲ್ಲಿ ಈ ಮಾರ್ಗದ ಬಸ್ಸುಗಳು ಕಿಕ್ಕಿರಿದಿರುತ್ತವೆ.

ರೈತ ಕುಟುಂಬದ ತೊಡಕು

ಅಗ್ಗದ ತಿಂಗಳು ನಗರದ ನೌಕರನಿಗೆ ಅನುಕೂಲವಾದಷ್ಟು ಕೃಷಿಕನಿಗೆ ಅನುಕೂಲವಲ್ಲ. ಜೂನ್, ಜುಲೈಗಳಲ್ಲಿ ಮೆಕ್ಕೆಜೋಳದ ಬಿತ್ತನೆ, ಎಡೆಕುಂಟೆ, ಗೊಬ್ಬರಗಳ ಧಾವಂತ. ಕೈಯಲ್ಲಿ ಹಣವೂ ಇರದು. ಕೊಯಿಲು ಮುಗಿದು ಹಣ ಕೈಸೇರುವ ವೇಳೆಗೆ ಡಿಸೆಂಬರ್‌ನ ದುಬಾರಿ ದರ ಎದುರಾಗುತ್ತದೆ. ಇಂಥವರಿಗೆ ಸಂಕ್ರಾಂತಿಯ ನಂತರದ ವಾರಗಳೇ ಸೂಕ್ತ: ದರ ಇಳಿದಿರುತ್ತದೆ, ಮಳೆಯಿಲ್ಲ, ಹೊಲದ ಕೆಲಸವೂ ಹಗುರ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವವರು ಮಾತ್ರ ಪರೀಕ್ಷೆ ಮುಗಿಯುವವರೆಗೆ ಕಾಯಬೇಕು. ಸಾಲ ಮಾಡಿ ರಿಯಾಯಿತಿ ಪಡೆಯುವುದರಲ್ಲಿ ಅರ್ಥವಿಲ್ಲ. ಬಡ್ಡಿಯೇ ಉಳಿತಾಯವನ್ನು ನುಂಗುತ್ತದೆ.

ಷರತ್ತು ಮತ್ತು ಎಚ್ಚರಿಕೆ

ಕೊಡುಗೆ ಅನ್ವಯಿಸದ ದಿನಾಂಕಗಳು, ದಿನ ಬದಲಾವಣೆಯ ಅವಕಾಶ, ರದ್ದಾದರೆ ಹಣ ಮರಳುವ ಬಗೆ ಈ ಮೂರನ್ನು ಓದದೆ ಹಣ ಪಾವತಿಸಬಾರದು. 2025ರ ಅಕ್ಟೋಬರ್‌ನಲ್ಲಿ ಬಿಡದಿಯ ಜಾಲಿವುಡ್ ಸ್ಟುಡಿಯೋಸ್ ಉದ್ಯಾನವನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದ ಮೇರೆಗೆ ಕೆಲ ದಿನ ಮುಚ್ಚಲಾಗಿತ್ತು. ಇಂಥ ಅನಿರೀಕ್ಷಿತ ಸಂದರ್ಭಗಳಲ್ಲಿ ಮುಂಗಡ ಹಣ ಮರಳುವುದೇ ಎಂಬುದು ಷರತ್ತುಗಳನ್ನೇ ಅವಲಂಬಿಸಿರುತ್ತದೆ.

ಮೊಬೈಲಿಗೆ ಬರುವ ಅರ್ಧ ಬೆಲೆಯ ಸಂದೇಶಗಳನ್ನು ನಂಬದೆ, ಉದ್ಯಾನದ ಅಧಿಕೃತ ಜಾಲತಾಣದಲ್ಲಿ ಅದೇ ಕೊಡುಗೆ ಇದೆಯೇ ಎಂದು ಪರಿಶೀಲಿಸಬೇಕು. ವಂಚನೆಗೊಳಗಾದವರು ತಡಮಾಡದೆ 1930 ಸಹಾಯವಾಣಿಗೆ ದೂರು ನೀಡಬಹುದು. ದೂರು ಬೇಗ ದಾಖಲಾದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.